ಆ ಹಾಡಿನ ಹುಡುಗ ನಮ್ಮಪ್ಪ

ನಮ್ಮಪ್ಪನ ಇಡೀ ಬದುಕನ್ನು ಒಂದು ಪತ್ರಿಕೆ ಅರ್ಧ ವಾಕ್ಯದಲ್ಲಿ ಬರೆದು ಮುಗಿಸಿತು. ‘ಕುಡುಕ ತಂದೆಯ ಬೆಲ್ಟಿನೇಟಿಗೆ ಬೆನ್ನೊಡ್ಡಿ ಬೆಳೆದ ಈ ಕೊಳೆಗೇರಿಯ ಹುಡುಗ’ ಎಂದು ಶುರು ಮಾಡಿ, ಉಳಿದರ್ಧದಲ್ಲಿ ಹಾಡು ಕಟ್ಟುವ ನನ್ನ ತಮ್ಮನ ಸಿಟ್ಟು, ತಮ್ಮನ ಟೋಪಿ, ತಮ್ಮನ ಕೈಸನ್ನೆ ಎಲ್ಲ ತುಂಬಿಸಿದ್ದರು. ಅವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಮೈತ್ರಿ, ಸಂಜೀವಯ್ಯನವರ ಮಗಳು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ದಿನವಿಡೀ ಜನರಿಗೆ ನೋವಾಗದ ಹಾಗೆ ಸೂಜಿ ಚುಚ್ಚುತ್ತೇನೆ. ಇಲ್ಲಿ ಆ ಭರವಸೆ ಕೊಡಲಾರೆ.

ಮೊದಲು ಕೊಳೆಗೇರಿಯ ಮಾತು. ನಾವಿರುವುದು ಬನಶಂಕರಿ ಬಸ್‌ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಹಳೇ ಊರಿನಲ್ಲಿ. ಬನಶಂಕರಿಗೆ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಅಂತ ಹೆಸರು ಬರುವುದಕ್ಕೆ ಮೊದಲೇ ನಮ್ಮ ಮನೆಗಳಿದ್ದವು. ಬಡಾವಣೆ ಆಮೇಲೆ ಬಂದು ನಮ್ಮ ಸುತ್ತ ನಿಂತುಕೊಂಡಿತು. ಬೀದಿ ಚಿಕ್ಕದು, ನಿಜ. ಎರಡು ಸ್ಕೂಟರ್ ಎದುರುಬದುರು ಬಂದರೆ ಒಬ್ಬರು ಕಾಲು ಊರಬೇಕು. ಹಾಗಂತ ನಮ್ಮೂರನ್ನು ಕೊಳೆಗೇರಿ ಅಂತ ಕರೆಯುವ ಅಧಿಕಾರವನ್ನು ಆ ಬೀದಿಗೆ ಕಾಲೇ ಇಡದ ಮನುಷ್ಯನಿಗೆ ಯಾರು ಕೊಟ್ಟರೋ ನನಗೆ ಗೊತ್ತಿಲ್ಲ.

ಅಪ್ಪ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಜಯನಗರದ ಮಕ್ಕಳನ್ನು ಬೆಳಿಗ್ಗೆ ಹತ್ತಿಸಿಕೊಂಡು ಶಾಲೆಗೆ ಬಿಟ್ಟು, ಮಧ್ಯಾಹ್ನ ವಾಪಸು ಮನೆ ಮುಟ್ಟಿಸುತ್ತಾರೆ. ಆ ಮಕ್ಕಳಿಗೆ ಇಂಗ್ಲಿಷ್ ಪಟಪಟ ಬರುತ್ತದೆ, ಕನ್ನಡ ಓದು ಅಂದರೆ ಬಾಯಿ ಕಟ್ಟುತ್ತದೆ. ಅದಕ್ಕೆ ಅಪ್ಪ ಒಂದು ಆಟ ಹೂಡಿದ್ದಾರೆ. ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಾಗ ಎದುರಿಗೆ ಕಾಣುವ ಬೋರ್ಡನ್ನು ಯಾರಾದರೂ ಜೋರಾಗಿ ಓದಬೇಕು. ಬೇಕರಿ ಬೋರ್ಡು, ಹೋಟೆಲ್ ಬೋರ್ಡು, ಪೈಲ್ಸ್ ಡಾಕ್ಟರ ಬೋರ್ಡು ಎಲ್ಲವೂ ಪಾಠವೇ. ತಾಯಂದಿರು, ‘ಸಂಜೀವಯ್ಯನವರೇ, ನಮ್ಮ ಪಾಪು ಕನ್ನಡ ಓದೋಕೆ ಶುರು ಮಾಡಿದ್ದು ನಿಮ್ಮಿಂದಾನೇ’ ಅಂದರೆ ನಮ್ಮಪ್ಪನ ಮುಖ ನೋಡಬೇಕು ನೀವು.

ಭಾನುವಾರ ಅವರದು ಬೇರೆಯೇ ಕೆಲಸ. ನಾವು ಬೌದ್ಧರು. ನಮ್ಮ ಬೀದಿಯ ಕೊನೆಯಲ್ಲೊಂದು ಪುಟ್ಟ ವಿಹಾರವಿದೆ. ಪ್ರತಿ ಭಾನುವಾರ ಅಲ್ಲಿ ಪಂಚಶೀಲ ಹೇಳಿಸುವವರು ಅಪ್ಪ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಹಾದಿ ತಪ್ಪುವುದಿಲ್ಲ, ಸುಳ್ಳಾಡುವುದಿಲ್ಲ, ಮತ್ತೇರಿಸುವುದನ್ನು ಮುಟ್ಟುವುದಿಲ್ಲ. ಅವರು ಒಂದೊಂದನ್ನೇ ಹೇಳುತ್ತಾರೆ, ಉಳಿದವರು ಅದನ್ನೇ ಹಿಂದಿನಿಂದ ಹೇಳುತ್ತಾರೆ. ಐದನೆಯದಕ್ಕೆ ನಮ್ಮ ವಿಹಾರದಲ್ಲಿ ಒಂದು ರೂಢಿಯಿದೆ. ಕುಡಿತ ಬಿಡಬೇಕೆಂದು ಬಂದವರು ಎದ್ದು ಮುಂದೆ ಹೋಗಿ, ಹೇಳಿಸುವವರ ಕೈ ಹಿಡಿದುಕೊಂಡು ಅದನ್ನು ಹೇಳಬೇಕು. ಯಾವ ಗ್ರಂಥದಲ್ಲೂ ಹೀಗಿಲ್ಲ, ನಮ್ಮ ಜನ ಮಾಡಿಕೊಂಡದ್ದು. ಹಾಗೆ ಅಪ್ಪನ ಕೈ ಹಿಡಿದು ಕುಡಿತ ಬಿಟ್ಟವರು ನಮ್ಮ ಬೀದಿಯಲ್ಲಿ ಎಷ್ಟೋ ಜನ ಇದ್ದಾರೆ. ಕೆಲವರು ಮತ್ತೆ ಬಾಟಲಿ ಹಿಡಿದು, ಮತ್ತೆ ಬಂದು ಮತ್ತೆ ಕೈ ಹಿಡಿದರು. ಅಪ್ಪ ಯಾರನ್ನೂ ಯಾಕೆ ಅಂತ ಕೇಳಿದವರಲ್ಲ.

ಇಂಥ ಮನುಷ್ಯ ಕುಡುಕನಂತೆ. ಹೆಂಡತಿ ಮಕ್ಕಳಿಗೆ ಬೆಲ್ಟಿನಲ್ಲಿ ಬಾರಿಸುತ್ತಿದ್ದನಂತೆ. ನಮ್ಮಪ್ಪನ ಹತ್ತಿರ ಬೆಲ್ಟೇ ಇಲ್ಲ ಕಣ್ರೀ! ಮದುವೆಗೆ ಹೋಗುವಾಗಲೂ ಹಾಕುವುದಿಲ್ಲ. ಯಾಕೆ ಅಂತ ನಾವು ಮಕ್ಕಳಾಗಿದ್ದಾಗ ಕೇಳಿದರೆ ‘ಹೊಟ್ಟೆ ಒತ್ತುತ್ತೆ’ ಅನ್ನುತ್ತಿದ್ದರು.

ನನ್ನ ತಮ್ಮ ಭೀಮೇಶ ದೊಡ್ಡವನಾದ ಮೇಲೆ ಒಂದು ದಿನ, ಖಾಲಿ ವ್ಯಾನಿನಲ್ಲಿ ಅಪ್ಪನ ಪಕ್ಕ ಕೂತು ಮತ್ತೆ ಅದೇ ಪ್ರಶ್ನೆ ಕೇಳಿದ. ಅವತ್ತು ಅಪ್ಪ ನಿಜ ಹೇಳಿದರು. ಕುಡಿಯುತ್ತಿದ್ದದ್ದು ನಮ್ಮ ತಾತ. ಕುಡಿದು ಬಂದು ಬೆಲ್ಟು ಬಿಚ್ಚುತ್ತಿದ್ದದ್ದು ತಾತ. ಅಪ್ಪ ಆಗ ಬಾಗಿಲ ಸಂದಿಯಲ್ಲಿ ಅವಿತುಕೊಳ್ಳುತ್ತಿದ್ದ ಸಣ್ಣ ಹುಡುಗ. ಏಟು ಬೀಳುವಾಗ ಅಳು ಬರದಿರಲಿ ಅಂತ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದರಂತೆ. ತಪ್ಪಿಸಿಕೊಂಡರೆ ಮನೆ ಹಿಂದಿನ ರಾಗಿ ಹೊಲ ದಾಟಿ ಓಡುತ್ತಿದ್ದರಂತೆ. ಈಗ ಆ ಹೊಲದ ಜಾಗದಲ್ಲಿ ಮದುವೆ ಛತ್ರವಿದೆ.

ಭೀಮೇಶ ಮಡಿವಾಳದ ಒಂದು ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುತ್ತಾನೆ, ಬಿಡುವಿದ್ದಾಗ ರ‍್ಯಾಪ್ ಹಾಡುತ್ತಾನೆ. ಈ ಕಥೆಯನ್ನು ಹಾಡು ಮಾಡಲೇ ಅಂತ ಅಪ್ಪನನ್ನೇ ಕೇಳಿದ. ಅಪ್ಪ, ‘ಮಾಡು, ಆದ್ರೆ ಹೆಸ್ರು ಗಿಸ್ರು ಬ್ಯಾಡ’ ಅಂದರು. ಹಾಗಾಗಿ ಅವನು ‘ನಾನು’ ಅಂತ ಹಾಡಿದ.

ದೀಪ ಆರ್ಸು, ಉಸ್ರು ಕಟ್ಟು,
ಬಾಗ್ಲ ಸಂದೀಲ್ ನಾನು, ಅಪ್ಪನ್ ಕೈಲಿ ಬೆಲ್ಟು.

ಆ ಹಾಡು ನೀವು ಕೇಳಿರಬಹುದು. ಏಟು ಬೀಳುವ ಜಾಗಕ್ಕೆ ಬಂದಾಗ ಅವನು ಬೀಟನ್ನು ಪೂರಾ ನಿಲ್ಲಿಸಿಬಿಡುತ್ತಾನೆ. ಏಟಿನ ಸದ್ದೇ ಇಲ್ಲ. ಹುಡುಗ ಮಗ್ಗಿ ಹೇಳಿಕೊಳ್ಳುವುದು ಮಾತ್ರ ಕೇಳುತ್ತದೆ, ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಹೋಗ್ತಾ ಹೋಗ್ತಾ ಲೆಕ್ಕ ತಪ್ಪುತ್ತದೆ. ಮೊದಲ ಸಲ ಕೇಳಿದಾಗ ನಾನು ಲ್ಯಾಬಿನ ಬಾತ್‌ರೂಮಿಗೆ ಹೋಗಿ ಅತ್ತೆ. ಹಾಡು ಎಲ್ಲರ ಮೊಬೈಲಿಗೂ ಹೋಯಿತು, ಕಾಲೇಜು ಹುಡುಗರು ಬಸ್ಸಿನಲ್ಲಿ ಹಾಡತೊಡಗಿದರು. ಆಮೇಲೆ ಪತ್ರಿಕೆಯವರಿಗೆ ಎಚ್ಚರವಾಯಿತು.

ಬರೆದವರು ಜಯಸಿಂಹ. ಎಷ್ಟೋ ವರ್ಷಗಳಿಂದ ಸಂಗೀತದ ಬಗ್ಗೆ ಬರೆಯುವ ಹಿರಿಯರು, ಅವರ ಅಂಕಣ ಓದದೆ ಜಯನಗರದಲ್ಲಿ ಕೆಲವರಿಗೆ ಭಾನುವಾರದ ಕಾಫಿ ಇಳಿಯುವುದಿಲ್ಲ. ಅವರು ಬೈದಿರಲಿಲ್ಲ, ಹೊಗಳಿದ್ದರು. ‘ಒರಟು’, ‘ಕಚ್ಚಾ’, ‘ಬೀದಿಯ ಆಕ್ರೋಶ’, ‘ಸಂಸ್ಕಾರಕ್ಕೆ ಸಿಗದ ಶಕ್ತಿ’. ಅವರ ಹೊಗಳಿಕೆ ಅಂದರೆ ಇದು. ಬೀಟ್ ನಿಲ್ಲಿಸಿದ್ದರ ಬಗ್ಗೆ ಒಂದಕ್ಷರ ಇಲ್ಲ. ಮಗ್ಗಿಯನ್ನು ‘ನಡುವೆ ಅರ್ಥವಿಲ್ಲದೆ ಬರುವ ಅಂಕಿಗಳು’ ಅಂದಿದ್ದರು. ಅರ್ಥವಿಲ್ಲದೆ! ರಾಗಿ ಹೊಲ ದಾಟಿ ಓಡಿದೆ ಅಂತ ಹಾಡಿನಲ್ಲಿ ಸ್ಪಷ್ಟವಾಗಿದೆ. ಇಪ್ಪತ್ತರ ಹರೆಯದ ಹುಡುಗ ಬನಶಂಕರಿಯಲ್ಲಿ ಯಾವ ರಾಗಿ ಹೊಲ ನೋಡಿರುತ್ತಾನೆ ಅಂತ ಅವರಿಗೆ ಅನುಮಾನ ಬರಬೇಡವೇ? ಬರಬೇಕಾದರೆ ಹಾಡು ಕೇಳಬೇಕು. ಅವರು ಹಾಡನ್ನು ಕೇಳಿರಲಿಲ್ಲ, ಹುಡುಗನನ್ನು ನೋಡಿದ್ದರು.

ಅಮ್ಮ ಲತಾಮಣಿ ಓದಿ ಮೊದಲು ನಕ್ಕುಬಿಟ್ಟಳು. ‘ನಂಗೆ ಯಾವಾಗ್ರೀ ಹೊಡುದ್ರಿ ನೀವು? ನಾನೇ ಎಲ್ಲೋ ನಿದ್ದೆಗಣ್ಣಲ್ಲಿ ನಿಮ್ಗೆ ಒದ್ದಿರ್ಬೋದು’ ಅಂದಳು. ಅಪ್ಪನೂ ನಕ್ಕರು. ಪೇಪರು ಮಡಚಿಟ್ಟರೆ ಮುಗಿಯಿತು ಅಂದುಕೊಂಡೆವು.

ಮುಗಿಯಲಿಲ್ಲ, ನಮ್ಮ ಏರಿಯಾದವರ ಪ್ರೀತಿ ಅಡ್ಡ ಬಂತು. ದಿನೇಶ ಮತ್ತು ಅವನ ಯುವಕರ ಸಂಘದವರು ಭೀಮೇಶನ ಹೆಸರು ಪೇಪರಿನಲ್ಲಿ ಬಂತೆಂದು ಕುಣಿದಾಡಿ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಮೇಲೆ ‘ನಮ್ಮೂರ ಹೆಮ್ಮೆಯ ಹುಲಿ’, ಒಂದು ಮೂಲೆಯಲ್ಲಿ ಬಾಬಾಸಾಹೇಬರು, ಕೆಳಗೆ ಸಂಘದವರ ಪಾಸ್‌ಪೋರ್ಟ್ ಫೋಟೋಗಳ ಸಾಲು. ನಟ್ಟನಡುವೆ ಪೇಪರಿನ ತುಂಡನ್ನೇ ಹಾಗೇ ದೊಡ್ಡದು ಮಾಡಿ ಛಾಪಿಸಿದ್ದರು. ಕನ್ನಡಕ ಮನೆಯಲ್ಲಿ ಮರೆತು ಬಂದವರೂ ಓದಬಹುದಾದಷ್ಟು ದಪ್ಪಕ್ಷರ. ಫೋಟೋ ನೋಡಿದ್ದರು, ಹೆಸರು ನೋಡಿದ್ದರು, ಪುಣ್ಯಾತ್ಮರು ಒಬ್ಬರೂ ಒಳಗೆ ಏನಿದೆ ಅಂತ ಓದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಪ್ಪನ ವ್ಯಾನ್ ಮಕ್ಕಳನ್ನು ತುಂಬಿಕೊಂಡು ಅದೇ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿತು. ಆಟದ ಪ್ರಕಾರ ಓದಬೇಕಲ್ಲ. ಮೂರನೇ ಕ್ಲಾಸಿನ ವಿಭಾ ಅನ್ನುವ ಮಗು ಕಿಟಕಿಯಿಂದ ಅಕ್ಷರ ಕೂಡಿಸಿ ಓದತೊಡಗಿತು. ‘ಕು... ಡು... ಕ. ಕುಡುಕ ತಂದೆಯ...’ ಓದಿ ಮುಗಿಸಿ, ‘ಅಂಕಲ್, ಇದು ನಿಮ್ ಮಗ ಭೀಮೇಶಣ್ಣ ಅಲ್ವಾ? ಹಂಗಾದ್ರೆ ತಂದೆ ಅಂದ್ರೆ ನೀವಾ?’ ಅಂದಿತು. ಅಪ್ಪ ಇದನ್ನು ಸಂಜೆ ಅಮ್ಮನಿಗೆ ಹೇಳುವಾಗ ನಾನು ಅಡುಗೆಮನೆಯಲ್ಲಿದ್ದೆ. ಮಗು ಕೇಳಿದ ಪ್ರಶ್ನೆಯನ್ನು ಎರಡು ಸಲ ಹೇಳಿದರು.

ದಿನೇಶ ವಿಷಯ ತಿಳಿದು ಓಡಿ ಬಂದ. ‘ಅಣ್ಣ, ಕಾಲಿಗ್ ಬೀಳ್ತೀನಿ, ನಮಗ್ ಗೊತ್ತಾಗ್ಲಿಲ್ಲ’ ಅಂತ ಅತ್ತು, ತಾನೇ ಹತ್ತಿ ಫ್ಲೆಕ್ಸ್ ಕಿತ್ತ. ಅಷ್ಟರಲ್ಲಿ ಊರೆಲ್ಲ ಓದಿಯಾಗಿತ್ತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಹಿಂದೆ ಮಾತ್ರ, ‘ಪೇಪರ್ನೋರು ಸುಮ್ನೆ ಬರೀತಾರಾ? ಮಗನೇ ಹಾಡವ್ನಲ್ಲ’ ಅನ್ನುವ ಗುಸುಗುಸು. ಮುಂದಿನ ಭಾನುವಾರ ಅಪ್ಪ ಕೆಮ್ಮು ಅಂತ ನೆಪ ಹೇಳಿ ವಿಹಾರಕ್ಕೆ ಹೋಗಲಿಲ್ಲ. ಅದರ ಮುಂದಿನ ಭಾನುವಾರ ನೆಪವನ್ನೂ ಹೇಳಲಿಲ್ಲ.

ಬುದ್ಧ ಪೂರ್ಣಿಮೆ ಹತ್ತಿರ ಬರುತ್ತಿತ್ತು. ಹೊಸದಾಗಿ ಶೀಲ ತೆಗೆದುಕೊಳ್ಳುವವರು ಬರುವುದು ಅವತ್ತೇ. ಪಕ್ಕದ ಬೀದಿಯ ಪೇಂಟರ್ ಮೌನೇಶ, ‘ಹಬ್ಬದ್ ದಿನ ಬಿಡ್ತೀನಿ, ಸಂಜೀವಣ್ಣನ ಕೈ ಹಿಡ್ದೇ ಬಿಡ್ತೀನಿ’ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಈಗ ಅಪ್ಪ ಹಟ ಹಿಡಿದರು. ‘ಕುಡುಕ ಅನ್ನಿಸ್ಕೊಂಡೋನ ಕೈ ಹಿಡ್ಕೊಂಡು ಯಾರ್ ಬಿಡ್ತಾರೆ? ನಾನ್ ಹೇಳ್ಸಲ್ಲ’ ಅಂದರು.

ಭೀಮೇಶ ಕುದಿಯುತ್ತಿದ್ದ. ‘ಅಪ್ಪ, ಒಂದ್ ವಿಡಿಯೋ ಹಾಕ್ತೀನಿ. ಇದು ನಮ್ ತಾತನ್ ಕಥೆ ಅಂತೀನಿ, ಮುಗೀತು’ ಅಂದ. ಅಪ್ಪ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. ಒಳಗೆ ನಮ್ಮ ಅಜ್ಜಿ ಮುನಿಯಕ್ಕ ಇದ್ದಳು. ಅಜ್ಜಿಯ ಬಾಯಲ್ಲಿ ತಾತ ದೇವರಂಥ ಮನುಷ್ಯ. ಒಂದು ಇರುವೆಯನ್ನೂ ತುಳಿದವರಲ್ಲ, ಎದೆನೋವು ಬಂದು ಹೋದರು, ಇಂಥ ಗಂಡ ಯಾರಿಗೂ ಸಿಗುವುದಿಲ್ಲ. ನಾವು ಹುಟ್ಟಿದಾಗಿನಿಂದ ಕೇಳಿದ್ದು ಇದನ್ನೇ. ತಾತನ ಫೋಟೋಗೆ ಇವತ್ತಿಗೂ ಅವಳು ದಿನಾ ಹೂ ಇಡುತ್ತಾಳೆ. ‘ಅವ್ವ ಇಷ್ಟ್ ವರ್ಷ ಆ ಮಾತನ್ನ ಹಿಡ್ಕೊಂಡೇ ಬದುಕವ್ಳೆ. ಅದನ್ನ ಕಿತ್ಕೊಳಕ್ಕೆ ನಾವ್ಯಾರು? ನನ್ ಹೆಸ್ರು ತಾನೇ, ಹೋದ್ರೆ ಹೋಗ್ಲಿ ಬಿಡು’ ಅಂದರು ಅಪ್ಪ.

ಹೋದರೆ ಹೋಗಲಿ ಅಂತೆ! ಏಟು ತಿಂದವರೇ ಹೊಡೆದವರು ಅನ್ನಿಸಿಕೊಂಡು ಬಾಯಿ ಮುಚ್ಚಿಕೊಂಡಿರಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ತಾತನ ವಿಷಯ ಬಾಯಿ ಬಿಡುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟು, ಪೇಪರು ಚೀಲಕ್ಕೆ ಹಾಕಿಕೊಂಡು ವಿಳಾಸ ಹುಡುಕಿ ನೆಟ್ಟಗೆ ಜಯಸಿಂಹ ಅವರ ಮನೆಗೆ ಹೋದೆ.

ಮನೆ ತಂಪಾಗಿತ್ತು. ಅವರ ಹೆಂಡತಿ ಸೀತಾಲಕ್ಷ್ಮಿ ಬಾಗಿಲು ತೆಗೆದು, ಕೂರಿಸಿ, ಕೇಳದೆಯೇ ಕಾಫಿ ತಂದರು. ಜಯಸಿಂಹ ಕೂಡ ಮರ್ಯಾದೆಯಿಂದಲೇ ಮಾತಾಡಿದರು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

‘ನೋಡಮ್ಮ, ನಾನು ನಿಮ್ಮ ತಮ್ಮನನ್ನ ಮೆಚ್ಚಿಯೇ ಬರೆದಿದ್ದೀನಿ’ ಅಂದರು.

‘ನಮ್ಮಪ್ಪನ ಬಗ್ಗೆ ಯಾರು ಹೇಳಿದ್ರು ಸಾರ್ ನಿಮಗೆ? ಅವರು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿಲ್ಲ.’

‘ಹಾಡಿನಲ್ಲೇ ಇದೆಯಲ್ಲಮ್ಮ. ನಾನು ಅಂತಾನೆ, ಅಪ್ಪ ಅಂತಾನೆ.’

‘ಅದು ನಮ್ಮಪ್ಪನ ಕಥೆ ಅಲ್ಲ.’

‘ಮತ್ಯಾರದು?’

ಅಪ್ಪನಿಗೆ ಕೊಟ್ಟ ಮಾತು ನೆನಪಿಗೆ ಬಂತು. ಅವರು ಕನ್ನಡಕ ತೆಗೆದು ಒರೆಸುತ್ತ, ಬಹಳ ಬೇಸರದಿಂದ, ‘ಹಾಗಿದ್ರೆ ಅದು ಅಪ್ರಾಮಾಣಿಕ ಆಗಲ್ವೇನಮ್ಮ? ರ‍್ಯಾಪ್ ಅಂದ್ರೆ ಸ್ವಂತ ಅನುಭವ. ಬೇರೆಯವರ ನೋವನ್ನ ತನ್ನದು ಅಂತ ಹಾಡಿದ್ರೆ ಜನಕ್ಕೆ ಮೋಸ ಅಲ್ವಾ?’ ಅಂದರು.

ನೋಡಿದಿರಾ? ನಮ್ಮ ಹುಡುಗ ‘ನಾನು’ ಅಂದರೆ ಅವನ ಅಪ್ಪ ಕುಡುಕ ಆಗಲೇಬೇಕು. ಆಗದಿದ್ದರೆ ಹುಡುಗ ಮೋಸಗಾರ. ಒಂದು ಹಾಡು ಕಟ್ಟಿದ್ದಾನೆ, ಕಷ್ಟಪಟ್ಟು ಕಟ್ಟಿದ್ದಾನೆ, ಇನ್ನೊಬ್ಬರ ಎದೆಯೊಳಗೆ ಹೊಕ್ಕು ಕಟ್ಟಿದ್ದಾನೆ ಅನ್ನುವ ಮೂರನೇ ದಾರಿಯೇ ಅವರಿಗೆ ಹೊಳೆಯುವುದಿಲ್ಲ.

ನಾನು ಪೇಪರು ಬಿಡಿಸಿದೆ. ಅದೇ ಪುಟದ ಕೆಳಗಡೆ ಅವರದೇ ಇನ್ನೊಂದು ಬರಹವಿತ್ತು. ಒಬ್ಬ ಸುಗಮ ಸಂಗೀತ ಗಾಯಕಿಯ ಕಾರ್ಯಕ್ರಮದ ಬಗ್ಗೆ. ‘ಸಾರ್, ಈ ಮೇಡಂ ನನ್ನವನು ನನ್ನ ಬಿಟ್ಟು ಹೋದ ಅಂತ ಹಾಡಿದ್ರಂತೆ. ನೀವು ವಿರಹದ ಸೂಕ್ಷ್ಮ ಎಳೆಗಳನ್ನ ಮಂದ್ರದಲ್ಲಿ ಬಿಡಿಸಿಟ್ಟರು ಅಂತ ಬರೆದಿದ್ದೀರಿ. ಗಂಡ ಬಿಟ್ಟು ಹೋದ ಹೆಂಗಸು ಅಂತ ಯಾಕೆ ಬರೀಲಿಲ್ಲ?’

‘ಛೆ ಛೆ, ಅವರ ಯಜಮಾನರು ಮೊದಲನೇ ಸಾಲಲ್ಲೇ ಕೂತಿದ್ರು. ಅದು ಕಾವ್ಯ ಅಮ್ಮ.’

‘ಮತ್ತೆ ಇದು?’

ಅವರು ಕಾಫಿ ಗುಟುಕರಿಸಿದರು. ಸೀತಾಲಕ್ಷ್ಮಿಯವರು ಗಂಡನ ಮುಖವನ್ನೇ ನೋಡುತ್ತ ನಿಂತಿದ್ದರು. ಕೊನೆಗೆ, ‘ಸಂಪಾದಕರಿಗೆ ಹೇಳಿ ಏನಾದರೂ ಹಾಕಿಸ್ತೀನಿ’ ಅಂದರು ಜಯಸಿಂಹ.

ಹಾಕಿಸಿದರು. ಒಳಪುಟದ ತಳದಲ್ಲಿ, ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ಪಕ್ಕ. ‘ಗಾಯಕರ ತಂದೆಯವರು ಸದ್ಯ ಮದ್ಯಪಾನ ಮಾಡುತ್ತಿಲ್ಲವೆಂದು ಕುಟುಂಬದವರು ತಿಳಿಸಿದ್ದಾರೆ.’ ಸದ್ಯ! ಅಂದರೆ ಮೊನ್ನೆ ತನಕ ಕುಡಿಯುತ್ತಿದ್ದರು, ಈಗ ಹೆಂಡತಿ ಮಕ್ಕಳು ಸೇರಿ ಕಟ್ಟಿಹಾಕಿದ್ದಾರೆ. ಇಂಥ ಕ್ಷಮೆ ಕೇಳುವುದಕ್ಕಿಂತ ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. ಅದನ್ನು ಓದಿದ ಮಾರನೇ ದಿನವೇ ವಿಹಾರದ ಕಾರ್ಯದರ್ಶಿ ಚಿದಾನಂದ್ ಮನೆಗೆ ಬಂದು, ನೆಲ ನೋಡುತ್ತ, ‘ಸಂಜೀವಣ್ಣ, ತಪ್ಪ್ ತಿಳ್ಕೋಬ್ಯಾಡಿ. ಈ ಪೂರ್ಣಿಮೆಗೆ ಬೇರೆಯೋರು ಹೇಳಿಸ್ಲಿ. ಜನ ಒಂದೊಂದ್ ಥರ ಮಾತಾಡ್ತಾರೆ’ ಅಂದರು. ಅಪ್ಪ ‘ಆಗ್ಲಿ’ ಅಂದರು, ಅಷ್ಟೇ.

ಒಳಗಿದ್ದ ಅಜ್ಜಿಗೆ ಇದು ಕೇಳಿಸಿತು. ಭೀಮೇಶನ ಹಾಡು ಅವಳಿಗೆ ಅಲ್ಲಿಯ ತನಕ ಅರ್ಥವಾಗಿರಲಿಲ್ಲ. ಬಲು ಜೋರು, ಬಲು ಬೇಗ, ಅಷ್ಟೇ ಅವಳ ತೀರ್ಮಾನ. ಅವತ್ತು ನನ್ನನ್ನು ಕರೆದು, ‘ಅದೇನ್ ಹಾಡವ್ನೆ, ಮೆಲ್ಲುಕ್ ಹೇಳು’ ಅಂದಳು. ನಾನು ತಡಬಡಾಯಿಸಿದೆ. ಅವಳು ಬಿಡಲಿಲ್ಲ. ಒಂದೊಂದೇ ಸಾಲು ಓದಿನ ಹಾಗೆ ಹೇಳಿದೆ. ಮಗ್ಗಿ ಬಂದಾಗ ಅವಳು ಬಿಡಿಸುತ್ತಿದ್ದ ಅಲಸಂದೆಕಾಯಿ ಕೈಯಲ್ಲೇ ನಿಂತಿತು. ‘ಮಗ್ಗಿ ಹೇಳ್ಕೋತಿದ್ನಾ?’ ಅಂತ ಕೇಳಿದಳು. ‘ನಂಗ್ ಗೊತ್ತೇ ಇರ್ನಿಲ್ಲ’ ಅಂದಳು. ಮತ್ತೆ ಕಾಯಿ ಬಿಡಿಸತೊಡಗಿದಳು.

ಪೂರ್ಣಿಮೆಯ ದಿನ ಅಪ್ಪ ಬರುವುದಿಲ್ಲ ಅಂದರು. ಅಜ್ಜಿ ಬಿಳಿ ಸೀರೆ ಉಟ್ಟು, ‘ನನ್ನ ಕೈ ಹಿಡ್ದು ಕರ್ಕೊಂಡ್ ಹೋಗಕ್ಕಾದ್ರೂ ಬಾ’ ಅಂದಳು. ಅವಳ ಮಾತು ಮೀರದೆ ಬಂದು ಹಿಂದಿನ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತರು. ವಿಹಾರ ತುಂಬಿತ್ತು. ಮುಂದೆ ಮೌನೇಶ ತಲೆ ಬಗ್ಗಿಸಿಕೊಂಡಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಚಿದಾನಂದ್ ಎದ್ದು ನಿಂತು ಶೀಲ ಹೇಳಿಸಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಜ್ಜಿ ನನ್ನ ಭುಜ ಊರಿ ಎದ್ದಳು.

‘ವಸಿ ತಡಿಯಪ್ಪ ಚಿದಾನಂದ’ ಅಂದಳು. ‘ಎಲ್ರೂ ಕೇಳಿ. ಕುಡೀತಿದ್ದೋನು ನನ್ ಗಂಡ. ಬೆಲ್ಟಲ್ಲಿ ಹೊಡೀತಿದ್ದೋನು ನನ್ ಗಂಡ. ಎದೆನೋವ್ ಬಂದು ಸಾಯ್ಲಿಲ್ಲ, ಕುಡ್ದು ಕುಡ್ದು ಸತ್ತ. ದೀಪ ಆರ್ಸು ಅಂತಿದ್ದೋಳು ನಾನು. ಆ ಹಾಡಲ್ಲಿರೋ ಹುಡುಗ ಈ ನನ್ ಮಗ. ಏಟು ತಿಂದೋನು ಇವ್ನು. ಸತ್ತೋನ್ ಮರ್ವಾದೆ ಹೋಗ್ಬಾರ್ದು ಅಂತ ಇಷ್ಟ್ ಕಾಲ ಸುಳ್ ಹೇಳ್ಕೊಂಡ್ ಬಂದೆ. ನೀವು ಬದುಕಿರೋನ್ ಮರ್ವಾದೆ ತಗುದ್ರಿ. ಇನ್ನು ನಂಗೆ ಯಾರ್ ಮರ್ವಾದೆನೂ ಬೇಕಾಗಿಲ್ಲ.’

ಜನರೆಲ್ಲ ಹಿಂದಿನ ಸಾಲಿನ ಕಡೆ ತಿರುಗಿದರು. ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿದಾನಂದ್ ಇಳಿದು ಬಂದು ಅವರ ರಟ್ಟೆ ಹಿಡಿದು ಎಬ್ಬಿಸಿದರು. ಅಪ್ಪ ಮುಂದೆ ಹೋಗಿ ನಿಂತರು. ಮೊದಲನೆಯದನ್ನು ಹೇಳುವಾಗ ದನಿಯೇ ಹೊರಡಲಿಲ್ಲ, ಅವರು ಹೇಳುವ ಮೊದಲೇ ಜನ ಹೇಳಿ ಮುಗಿಸಿದರು. ಐದನೆಯದಕ್ಕೆ ಮೌನೇಶ ಎದ್ದು ಹೋಗಿ ಕೈ ಚಾಚಿದ. ಇಬ್ಬರೂ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು.

ಜನ ಹೊಗಳಿದರು, ಅಜ್ಜಿಯ ಕಾಲು ಮುಟ್ಟಿದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಅರ್ಧ ವಾಕ್ಯ ಬರೆದು ಕಾಫಿ ಕುಡಿಯುತ್ತ ಕೂತ ಮನುಷ್ಯನ ತಪ್ಪಿಗೆ, ನಮ್ಮಜ್ಜಿ ಒಂದು ಜನ್ಮವಿಡೀ ಕಾಪಾಡಿಕೊಂಡು ಬಂದದ್ದನ್ನು ತನ್ನ ಕೈಯಾರೆ ಊರ ಮುಂದೆ ಒಡೆದು ಹಾಕಬೇಕಾಯಿತು. ಇದಕ್ಕೆ ಯಾವ ಪುಟದ ತಳದಲ್ಲಿ ವಿಷಾದ ಛಾಪಿಸುತ್ತಾರೆ?

ಮನೆಗೆ ಬಂದ ಮೇಲೆ ಅಜ್ಜಿ ಗೋಡೆಗೊರಗಿ ಕೂತು ನೀರು ಕುಡಿದಳು. ‘ಆ ಪೇಪರ್ನೋರು ಇವತ್ತಿಂದೂ ಬರೀತಾರಾ?’ ಅಂತ ಕೇಳಿದಳು.

‘ಇಲ್ಲ ಅಜ್ಜಿ. ನಾನೇ ಬರೀತೀನಿ.’

‘ಬರಿ’ ಅಂದಳು. ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಮುಖ ನೋಡದೆ ಅಂದಳು:

‘ನಿಮ್ ತಾತನ್ ಹೆಸ್ರು ಮಾತ್ರ ಹಾಕ್ಬ್ಯಾಡ ಕಣವ್ವ.’

ಹಾಕಿಲ್ಲ.